ಓರೆ ಹಿಡಿದ ಬಳೆ

ಆಕಾಶದಿಂದ ಕಲ್ಲು ಬೀಳುತ್ತೆ ಅಂತ ಊರೆಲ್ಲ ಮಾತಾಡಿಕೊಳ್ಳಲಿ, ಯಾರು ಬೇಡ ಅಂದರು? ಆದರೆ ಅದೇ ಕಲ್ಲಿನ ನೆಪ ಹೇಳಿ ಮದುವೆ ಮುಂದಕ್ಕೆ ಹಾಕೋಣ ಅಂತ ಬೀಗರು ಬಂದು ಜಗಲಿ ಮೇಲೆ ಕೂತರೆ ಜಯಶೀಲಾಗೆ ಮೈ ಉರಿಯದೆ ಇನ್ನೇನಾದೀತು!

ಅರವತ್ತೆಂಟನೇ ಇಸವಿಯ ಜೂನ್ ತಿಂಗಳು. ಶಿವಮೊಗ್ಗದ ಹೊಸಮನೆಯಲ್ಲಿ ಅವಳ ತಂಗಿ ಬಸವರಾಜೇಶ್ವರಿಗೆ, ಮನೆಯವರ ಬಾಯಲ್ಲಿ ರಾಜಿಗೆ, ಬಳೆ ತೊಡಿಸುವ ಶಾಸ್ತ್ರ ನಡೆದಿತ್ತು. ಹದಿನೈದನೇ ತಾರೀಖು ಶನಿವಾರ ಬೆಳಿಗ್ಗೆ ಮುಹೂರ್ತ. ಅಷ್ಟರಲ್ಲಿ ಜನ್ನಾಪುರದಿಂದ ಗಂಡಿನ ಅಜ್ಜ ಕೊಟ್ರಬಸಪ್ಪ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿ ರಿಟೈರಾದವರು. ಆ ಮನೆಯಲ್ಲಿ ಅವರ ಮಾತಿಲ್ಲದೆ ಒಲೆ ಕೂಡ ಹೊತ್ತುತ್ತಿರಲಿಲ್ಲ.

ಅಜ್ಜ ಕಂಕುಳಿಂದ ಪೇಪರು ತೆಗೆದು ಹರಡಿದರು. ನಡುವೆ ಸೂರ್ಯ, ಸುತ್ತ ಭೂಮಿಯ ದಾರಿ. ಅದನ್ನು ಎರಡು ಕಡೆ ಕತ್ತರಿಸಿಕೊಂಡು ಇನ್ನೊಂದು ಉದ್ದನೆಯ ಸುತ್ತು. ಅದು ಇಕಾರಸ್ ಅನ್ನೋ ಕ್ಷುದ್ರಗ್ರಹದ ದಾರಿಯಂತೆ. ಮೈಲಿಯಗಲದ ಬಂಡೆ, ಮದುವೆಯ ಹೊತ್ತಿಗೇ ಸರಿಯಾಗಿ ಭೂಮಿಯ ಹತ್ತಿರ ಬರುತ್ತಂತೆ.

"ದಾರಿಗೆ ದಾರಿ ಕೂಡೋ ಕಡೆ ಗುದ್ದದೆ ಬಿಡುತ್ತಾ? ಶ್ರಾವಣದಲ್ಲಿ ನೋಡೋಣ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು," ಅಂದರು.

"ಹಿರಿಯರು ಹೇಳಿದ ಮೇಲೆ..." ಅಂತ ಜಯಶೀಲಾಳ ಅಪ್ಪ ಶಿವಯೋಗಪ್ಪ ತಲೆ ಕೆರೆದುಕೊಂಡರು.

ಅಪ್ಪ ಅನ್ನೋ ಈ ಪುಣ್ಯಾತ್ಮ ಆರು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಇದೇ ಮಾತು ಆಡಿದ್ದರು. ಆಗ ಎಂಟು ಗ್ರಹ ಒಂದೇ ರಾಶಿಯಲ್ಲಿ ಕೂಡುತ್ತವೆ, ಪ್ರಳಯವಾಗುತ್ತೆ ಅಂತ ಊರಿಗೆ ಊರೇ ನಡುಗಿತ್ತು. ಜಯಶೀಲಾಳ ಮದುವೆ ಮುಂದಕ್ಕೆ ಹೋಯಿತು. ಗ್ರಹಗಳು ಕೂಡಿದವು, ಚದುರಿದವು. ಪ್ರಳಯ ಬರಲಿಲ್ಲ, ಗಂಡೂ ಬರಲಿಲ್ಲ. ಯುಗಾದಿಯ ಹೊತ್ತಿಗೆ ಅವನು ದಾವಣಗೆರೆ ಕಡೆಯ ಹುಡುಗಿಗೆ ತಾಳಿ ಕಟ್ಟಿದ್ದ. ಇವಳ ಮದುವೆ ಸೀರೆ ಮಡಿಕೆ ಬಿಚ್ಚದೆ ಟ್ರಂಕು ಸೇರಿತು. ಆಮೇಲೆ ಅವಳು ಕಾಲೇಜು ಸೇರಿ ಓದಿದಳು. ಹಟಕ್ಕೆ ಬಿದ್ದು, ಸಿಟ್ಟಿನಿಂದ ಓದಿದಳು. ಈಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮುಂದಕ್ಕೆ ಹೋದ ಮದುವೆ ಎಲ್ಲಿಗೆ ಹೋಗುತ್ತೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಂಗಿಗೆ ಆ ಗತಿ ಬರಬಾರದು, ಅಷ್ಟೇ.

ಬಳೆಯ ತಟ್ಟೆಯಿಂದ ಎರಡು ಹಸಿರು ಬಳೆ ಎತ್ತಿಕೊಂಡು ಬಂದು ಅಜ್ಜನ ಎದುರಿಗೇ ಕೂತಳು.

"ಹುಷಾರು ಕಣೇ, ಮದುವೆ ಬಳೆ ಒಡೆದ್ರೆ ಅಪಶಕುನ," ಅಂತ ಸೋದರತ್ತೆ ವೀರಮ್ಮ ಒಳಗಿನಿಂದ ಗದರಿದಳು.

ಜಯಶೀಲಾ ಒಂದು ಬಳೆಯನ್ನು ಚಾಪೆ ಮೇಲೆ ಮಲಗಿಸಿದಳು. "ಇದು ಭೂಮಿಯ ದಾರಿ." ಇನ್ನೊಂದನ್ನು ಅದರ ಮೇಲೆ ಅರ್ಧ ಬರುವಂತೆ, ಒಂದು ಮಗ್ಗುಲು ಎತ್ತಿ ಓರೆಯಾಗಿ ಹಿಡಿದಳು. "ಇದು ಆ ಕಲ್ಲಿಂದು. ಮೇಲಿಂದ ನೋಡಿ ಅಜ್ಜ, ಕತ್ತರಿಸ್ತಾವಾ?"

"ಕತ್ತರಿಸ್ತಾವಲ್ಲ. ಪೇಪರಿನಲ್ಲಿ ಇದ್ದಂಗೇ ಇದೆ."

"ಈಗ ಪಕ್ಕದಿಂದ ನೋಡಿ."

ಕೊಟ್ರಬಸಪ್ಪ ರುಮಾಲು ತೆಗೆದಿಟ್ಟು, ಕೆನ್ನೆ ಚಾಪೆಗೆ ತಾಗುವಷ್ಟು ಬಗ್ಗಿದರು. ಬಳೆಗೂ ಬಳೆಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಅವರು ಬೆರಳು ತೂರಿಸಿಯೂ ನೋಡಿದರು.

"ಥತ್, ಇದು ನಮ್ಮ ಶೆಡ್ಡಿನ ಕ್ರೇನು!" ಅಂತ ಎದ್ದು ಕೂತರು. "ಕೆಳಗೆ ಟ್ರಾಲಿ ಅಡ್ಡಕ್ಕೆ ಓಡ್ತಿತ್ತು, ಮೇಲೆ ಕ್ರೇನು ಉದ್ದಕ್ಕೆ. ಗೋಡೆ ಮೇಲಿನ ನಕ್ಷೇಲಿ ಎರಡೂ ಗೆರೆ ಕತ್ತರಿಸ್ತಿದ್ವು. ಸೇರಿದ ಹೊಸತರಲ್ಲಿ ಅದನ್ನ ನೋಡಿ ಆ ಜಾಗ ಬಂದ್ರೆ ಓಡ್ತಿದ್ದೆ ಮಾರಾಯ್ತಿ. ಆಮೇಲೆ ಅಲ್ಲೇ ಕೂತು ಬುತ್ತಿ ಉಣ್ತಿದ್ದೆ."

ಆದರೆ ಮುದುಕ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಕ್ರೇನಿಗೆ ಹಗ್ಗ ಇತ್ತು. ಈ ಕಲ್ಲನ್ನ ಹಿಡ್ಕೊಂಡೋರು ಯಾರು?"

"ಸೂರ್ಯ. ಭೂಮಿಯನ್ನ ಹಿಡಿದಿರೋದೂ ಅವನೇ. ಇಷ್ಟು ವರ್ಷ ನಿಮ್ಮನ್ನ ಬೀಳಿಸಿದ್ದಾನಾ? ಹತ್ತಿರ ಅಂದ್ರೂ ಅದು ಚಂದ್ರನಿಗಿಂತ ಹದಿನಾರು ಪಟ್ಟು ದೂರದಲ್ಲಿ ಹೋಗುತ್ತೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ಹೀಗೆ ಬರೋ ಗಿರಾಕಿ ಅದು. ಹೋದ ಸಲ ಬಂದಾಗ ನಮ್ಮ ರಾಜಿ ತೊಟ್ಟಿಲಲ್ಲಿದ್ದಳು. ಯಾರಿಗಾದರೂ ಗೊತ್ತಾಯ್ತಾ?"

"ಲಿಂಗ ಕಟ್ಟಿಕೊಂಡೋರಿಗೆ ಗ್ರಹದ ಭಯ ಏನು ಬೀಗರೇ?" ಅಂತ ವೀರಮ್ಮನೂ ಒಂದು ಸೇರಿಸಿದಳು.

ಅಜ್ಜ ಪೇಪರು ಮಡಚಿದರು. "ನಾನು ಒಪ್ಪಿದೆ. ಆದ್ರೆ ನಮ್ಮ ಕಡೆ ಜನ ಬಸ್ ಹತ್ತಲ್ಲ ಅಂತ ಕೂತಿದ್ದಾರೆ. ಹುಡುಗನ ತಾಯಿಯೇ ಒಲ್ಲೆ ಅಂತಿದ್ದಾಳೆ. ನೋಡ್ತೀನಿ." ಆ ಎರಡು ಬಳೆ ಕೇಳಿ ತೆಗೆದುಕೊಂಡು, ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟರು. ಬರ್ತೀವಿ ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರ ಎಂದಿನಂತೆ ಬೆಳಗಾಯಿತು. ಹಾಲಿನವಳೂ ಎಂದಿನಂತೆ ಬಂದಳು. ಚಪ್ಪರದಡಿ ಮಾತ್ರ ಕಾಲು ಭಾಗ ಜನವೂ ಇರಲಿಲ್ಲ. ಮುಹೂರ್ತ ಹತ್ತಿರವಾಗುತ್ತಿತ್ತು, ಗಂಡಿನವರ ಸುದ್ದಿಯಿಲ್ಲ. ಅಪ್ಪ ಜಯಶೀಲಾಳ ಮುಖ ನೋಡಲಾರದೆ ಓಲಗದವರ ಹತ್ತಿರ ಹೋಗಿ ನಿಂತರು. ಅವಳಿಗೆ ಅರವತ್ತೆರಡನೇ ಇಸವಿ ನೆನಪಾಯಿತು. ಆದರೂ ಒಳಗೆ ಹೋಗಿ ಟ್ರಂಕು ತೆಗೆದಳು. ಎಷ್ಟು ವರ್ಷ ಅಂತ ಆಕಾಶಕ್ಕೆ ಹೆದರೋದು ಅಂದುಕೊಂಡು, ಆ ಕೆಂಪು ಸೀರೆ ಕೊಡವಿ ಉಟ್ಟಳು.

ಸೆರಗು ಹೊದೆಯುವಾಗ ಬೀದಿಯ ತುದಿಯಲ್ಲಿ ಹಾರ್ನ್ ಕೇಳಿತು. ಅವಳು ಬಾಗಿಲಿಗೆ ಓಡಿದಳು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಟಾಪಿನ ಮೇಲೂ ಜನ. ಮುಂದಿನ ಸೀಟಿನಿಂದ ಕೊಟ್ರಬಸಪ್ಪ ಇಳಿದರು. ಹಿಂದೆ ಬಾಸಿಂಗ ಕಟ್ಟಿದ ಹುಡುಗ, ಅವನ ಹಿಂದೆ ನಾಚಿಕೊಳ್ಳುತ್ತಾ ಅವನ ತಾಯಿ.

"ಮನೆಮನೆಗೆ ಹೋಗಿ ಪಾಠ ಮಾಡಿದೆ. ಮಲವಗೊಪ್ಪದಲ್ಲಿ ಅರ್ಧ ಜನ ಇಳೀತೀವಿ ಅಂದ್ರು, ಬಸ್ ನಿಲ್ಲಿಸಿ ಅಲ್ಲೂ ಮಾಡಿದೆ, ಅದಕ್ಕೇ ತಡ ಆಯ್ತು," ಅಂತ ಅಜ್ಜ ಟವೆಲ್ಲು ಬಿಚ್ಚಿದರು. ಎರಡು ಹಸಿರು ಬಳೆಯೂ ಒಡೆಯದೆ ಇದ್ದವು. "ತಗೋ, ರಾಜಿ ಕೈಗೆ ಹಾಕು. ಆ ಕಲ್ಲು ಮತ್ತೆ ಬರೋ ವರ್ಷ ಇವಳ ಮಗಳ ಮದುವೆ ಅದೇ ದಿನ ಇಟ್ಕೊಳ್ಳೋಣ."

ಜಯಶೀಲಾ ಕಣ್ಣು ಒರೆಸಿಕೊಂಡು ನಕ್ಕಳು. ಓಲಗ ಜೋರಾಯಿತು. ಅಜ್ಜ ಅವಳನ್ನು ಮೇಲಿಂದ ಕೆಳಗೆ ನೋಡಿ, "ಸೀರೆ ಭಾಳ ಚೆನ್ನಾಗಿದೆ. ಹೊಸದಾ?" ಅಂದರು.

"ಎಂಟು ಗ್ರಹದ ಕಾಲದ್ದು ಅಜ್ಜ. ಇವತ್ತೇ ಮೊದಲು ಉಟ್ಟಿದ್ದು," ಅಂತ ಅವಳು ಎದುರಿಗೆ ಆರತಿ ತಟ್ಟೆ ಹಿಡಿದು ನಿಂತಳು.