ಮೈಗೆ ತಕ್ಕ ದನಿ

"ಇನ್ನೊಮ್ಮೆ 'ಆ' ಅನ್ನಬೇಕಂತ," ಎಂದ ಸುನಿಲಕುಮಾರ. ಅವನ ಹೆಂಡತಿ ಸೌಭಾಗ್ಯ ಮತ್ತೆ ಬಾಯಿ ತೆರೆದಳು. ಬಂದದ್ದು ಅದೇ ನೂಲಿನೆಳೆಯಂಥ ದನಿ.

ಕೊರಿಯಾದ ವೈದ್ಯೆ ಫ್ರೌ ಹ್ವಾಂಗ್ ಪೆನ್ನು ಕೆಳಗಿಟ್ಟರು. ಜರ್ಮನಿಯ ಈ ಮ್ಯಾನ್‌ಹೈಮ್ ಊರಿನ ದೊಡ್ಡ ಆಸ್ಪತ್ರೆಯವರು ಸೌಭಾಗ್ಯಳ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಇಲ್ಲ ಎಂದಿದ್ದರು. ಆದರೂ ತಿಂದದ್ದು ನಿಲ್ಲುತ್ತಿರಲಿಲ್ಲ. ಈ ವೈದ್ಯೆಯ ಔಷಧಿಯೂ ಕೈಕೊಟ್ಟರೆ, ಊರಿಗೆ ಮರಳುವ ಅತ್ತೆ ಸಾವಿತ್ರವ್ವನ ಜೊತೆಗೇ ಸೊಸೆಯನ್ನೂ ಹುಬ್ಬಳ್ಳಿಗೆ ಕಳಿಸುವುದೆಂದು ತಾಯಿ ಮಗ ತೀರ್ಮಾನಿಸಿಯಾಗಿತ್ತು. ಇಲ್ಲಿ ಕೆಲಸ ಮಾಡಲು ಗಂಡನಿಗೆ ಜರ್ಮನಿ ಕೊಟ್ಟಿದ್ದ ಗ್ರೀನ್ ಕಾರ್ಡು ಮುಗಿಯಲು ಇನ್ನೂ ಮೂರು ವರ್ಷವಿತ್ತು. ಅಷ್ಟೂ ಕಾಲ ಅತ್ತೆಯ ಮನೆಯಲ್ಲಿ!

ವೈದ್ಯೆ ಜರ್ಮನ್ನಿನಲ್ಲಿ ಹೇಳಿದ್ದನ್ನು ಸುನಿಲಕುಮಾರ ಕನ್ನಡಿಸಿದ. "ಇವರ ಪದ್ಧತಿಯೊಳಗ ನಾಕ ಥರದ ಮೈ ಅಂತ. ಮೈಕಟ್ಟು ನೋಡಿ, ದನಿ ಕೇಳಿ, ಯಾವ ಥರಾ ಅಂತ ಗುರ್ತು ಹಿಡದು ಔಷಧಿ ಕೊಡ್ತಾರಂತ. ನಿಂದು ದೊಡ್ಡ ಎಲುಬು, ಅಗಲ ಎದಿ. ದನಿ ಮಾತ್ರ ಸಣ್ಣ ಮೈಯವರದು. ಎರಡೂ ಕೂಡವಲ್ವಂತ. ತಪ್ಪ ಔಷಧಿ ಆದ್ರ ಇನ್ನಷ್ಟು ಕೆಡತದಂತ. ಹಿಂಗಾದ್ರ ಕೊಡೂದಿಲ್ಲ ಅಂತಾರ."

"ಆಕಿ ದನಿ ಇರೂದ ಹಂಗ," ಎಂದಳು ಸೊಸೆಯ ಪಕ್ಕದಲ್ಲೇ ಕೂತಿದ್ದ ಸಾವಿತ್ರವ್ವ, ಹೆಮ್ಮೆಯಿಂದ. "ಮದವಿ ಆದಾಗಿಂದ ನನ್ನ ಮುಂದ ಒಂದ ಸಲಾನೂ ಜೋರ ಮಾತಾಡಿಲ್ಲ."

ಅದೇನೋ ನಿಜವೇ. ತವರಿನ ಹಿತ್ತಲಲ್ಲಿ ನಿಂತು ಕೂಗಿದರೆ ಓಣಿಯ ತುದಿಗೆ ಕೇಳುತ್ತಿದ್ದ ಹುಡುಗಿ ಅವಳು. ಅತ್ತೆಯ ಮುಂದೆ ದನಿ ಎತ್ತಬಾರದೆಂದು ಅವ್ವ ಕಿವಿಯಲ್ಲಿ ಹೇಳಿ ಕಳಿಸಿದ್ದಳು, ಎತ್ತಿರಲಿಲ್ಲ. ಈಗ ಎತ್ತು ಎಂದರೆ? ಪಾಪ, ಗಂಟಲಿಗೂ ರೂಢಿ ತಪ್ಪಿಹೋಗಿತ್ತು.

ಫ್ರೌ ಹ್ವಾಂಗ್ ಅತ್ತೆ ಸೊಸೆಯರನ್ನು ಬದಲಿಸಿ ಬದಲಿಸಿ ನೋಡಿ ಏನೋ ಕೇಳಿದರು. ಈ ಸಲ ಸುನಿಲಕುಮಾರ ಕನ್ನಡಿಸಲಿಲ್ಲ, ಸುಮ್ಮನೆ ಕೆಮ್ಮಿದ. ಆದರೆ ಅಷ್ಟು ಜರ್ಮನ್ ಸೌಭಾಗ್ಯಳಿಗೂ ಬರುತ್ತಿತ್ತು. ಹಿರಿಯರು ಸ್ವಲ್ಪ ಹೊರಗೆ ಕೂತರೆ ಆದೀತೇ ಎಂದಿದ್ದರು.

"ನಡೀ ಯವ್ವಾ, ಹೋಗೂಣು," ಸುನಿಲಕುಮಾರ ಎದ್ದುನಿಂತ. "ಇಬ್ಬರದೂ ಕೂಡೇ ಟಿಕೆಟ್ ಮಾಡಸ್ತೀನಿ."

"ಅತ್ತೀ, ನೀವು ಹೊರಗ ಕುಂದರ್ರಿ!"

ದನಿ ಹೊಟ್ಟೆಯ ಆಳದಿಂದ ದಪ್ಪಗೆ ಎದ್ದು ಕೋಣೆಯನ್ನೆಲ್ಲ ತುಂಬಿತು. ಸೌಭಾಗ್ಯಳೇ ಬೆಚ್ಚಿಬಿದ್ದಳು. ಫ್ರೌ ಹ್ವಾಂಗ್ ಪೆನ್ನು ಎತ್ತಿಕೊಂಡು ಔಷಧಿ ಬರೆಯತೊಡಗಿದರು. ಸಾವಿತ್ರವ್ವ ಮಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಮೆಲ್ಲಗೆ ಎದ್ದು ಹೊರಗೆ ಹೋದಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆಚೆಯ ಬೆಂಚಿನ ಮೇಲೆ ಸಾವಿತ್ರವ್ವ ಸೊಸೆಯ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಒಳಗೆ ಮಡಚಿಕೊಂಡಿದ್ದ ಅದರ ತೋಳನ್ನು ಹೊರಕ್ಕೆಳೆಯುತ್ತ ಕೂತಿದ್ದಳು.