ಪದಸೂಚಿಯಲ್ಲಿಲ್ಲದ ಮಾತು

ವೇದಪುಸ್ತಕದ ಪದಸೂಚಿಯಲ್ಲಿ ಕೈ ಎಂಬ ಪದದ ಕೆಳಗೆ ಅವಳ ಬೆರಳು ಇಳಿಯುತ್ತಿತ್ತು, ಚಾಚಿದ ಕೈ, ಒಣಗಿದ ಕೈ, ತೊಳೆದುಕೊಂಡ ಕೈ, ಗೋಡೆಯ ಮೇಲೆ ಬರೆದು ಮಾಯವಾದ ಕೈ, ಒಂದು ಪುಸ್ತಕದೊಳಗೆ ಇಷ್ಟೊಂದು ಕೈಗಳೇ, ಪ್ರತಿಯೊಂದರ ಮುಂದೆಯೂ ಅಧ್ಯಾಯ, ವಚನ, ಕಿಟಕಿಯ ಬಿಸಿಲು ಆ ಅಂಕಿಗಳ ಮೇಲೆ ನೀರಿನ ಹಾಗೆ ಅಲುಗಾಡಿ ಅವಳ ಕಣ್ಣು ಮಂಜಾಗುತ್ತಿತ್ತು — ಹದಿನೆಂಟು ವರ್ಷದಿಂದ ಶರ್ಟುಗಳಿಗೆ ಗುಂಡಿಯ ಕಾಜ ಹೊಲಿದ ಬೆರಳು, ಸೂಜಿ ಚುಚ್ಚಿ ಚುಚ್ಚಿ ತುದಿ ಮರಗಟ್ಟಿದೆ, ಕಾಗದ ನುಣುಪೋ ಒರಟೋ ಅದಕ್ಕೆ ತಿಳಿಯುವುದಿಲ್ಲ, ಆದರೂ ಇಳಿಯುತ್ತದೆ, ಎಲ್ಲೋ ಒಂದು ಕಡೆ ತಡೆದು ನಿಲ್ಲುತ್ತದೆ ಅನ್ನುವ ಆಸೆ. ಅಮ್ಮನ ಮಾತು ಇಲ್ಲೇ ಎಲ್ಲೋ ಇರಬೇಕು. ನಿನ್ನ ಕೈ ಬರಿದಾದಾಗ ನಾನೇ ಅದನ್ನು ಹಿಡಿಯುವೆನು — ವೇದಪುಸ್ತಕದಲ್ಲಿ ಹಾಗಂತ ಬರೆದಿದೆ ಕಣೇ ಎಂದು ಅಮ್ಮ ಎಷ್ಟು ಸಲ ಹೇಳಿದ್ದಳು, ಓದಲು ಬಾರದ ಅಮ್ಮ, ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಅಮ್ಮ, ಅವಳು ಹೋಗಿ ಎರಡು ತಿಂಗಳಾಯಿತು, ಸಮಾಧಿಯ ಕಲ್ಲಿನ ಮೇಲೆ ಆ ಮಾತೇ ಇರಲಿ ಎಂದು ಮಕ್ಕಳಿಬ್ಬರೂ ಒಂದೇ ಬಾಯಲ್ಲಿ ಹೇಳಿದ್ದರು, ಅಕ್ಕತಮ್ಮ ಒಂದೇ ಮಾತಿಗೆ ಒಪ್ಪಿದ್ದು ಬಹುಶಃ ಅದೇ ಮೊದಲು, ಆಮೇಲೆ ಕಲ್ಲು ಕೆತ್ತುವವನು ಕೇಳಿದ್ದು, ಮೇಡಂ, ಮಾತು ಬರೆದುಕೊಂಡೆ, ಕೆಳಗೆ ಅಧ್ಯಾಯ ವಚನ ಯಾವುದು, ಎಲ್ಲರೂ ಹಾಕಿಸ್ತಾರೆ. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು, ನಾನು ಮೂವತ್ತು ವರ್ಷದಿಂದ ಓದ್ತಾ ಇದ್ದೀನಮ್ಮ, ಈ ವಚನ ನನ್ನ ಕಣ್ಣಿಗೆ ಬಿದ್ದಿಲ್ಲ, ಎಲ್ಲಿದೆ ತೋರಿಸು, ನಾನೇ ಮುಂದೆ ನಿಂತು ಕಲ್ಲು ನಿಲ್ಲಿಸ್ತೀನಿ. ತಮ್ಮ ಫೋನಿನಲ್ಲಿ ನಕ್ಕ, ಅಯ್ಯೋ ಬಿಡಕ್ಕಾ, ಯಾವುದಾದ್ರೂ ಒಂದು ನಂಬರ್ ಹಾಕ್ಸು, ಯಾರು ಹೋಗಿ ತೆಗೆದು ನೋಡ್ತಾರೆ, ನಕ್ಕವನು ತಟ್ಟನೆ ದನಿ ಇಳಿಸಿ ಕೇಳಿದ, ನಿಜವಾಗ್ಲೂ ಇಲ್ವಾ? ಲಾರಿ ಹಾಯ್ದು ಅವನ ಕಾಲು ಜಜ್ಜಿಹೋದಾಗ ಆಸ್ಪತ್ರೆಯಲ್ಲಿ ಒಂದು ತಿಂಗಳು ಅವನಿಗಿದ್ದದ್ದು ಆ ಮಾತೊಂದೇ, ತನಗೂ ಅಷ್ಟೇ, ಗಂಡನ ಮನೆಯ ಬಾಗಿಲು ಎಳೆದುಕೊಂಡು ಒಂದು ಸೂಟ್‌ಕೇಸ್ ಹಿಡಿದು ಬಂದ ದಿನ ಅಮ್ಮ ಏನೂ ಕೇಳಲಿಲ್ಲ, ಅದನ್ನೇ ಹೇಳಿದಳು, ಅವತ್ತಿನಿಂದ ಇವತ್ತಿನವರೆಗೆ ಅದನ್ನೇ ಊರಿಕೊಂಡು ನಡೆದದ್ದು — ಅದು ಯಾರ ಮಾತೂ ಅಲ್ಲದಿದ್ದರೆ ತಾನು ಊರಿಕೊಂಡದ್ದು ಏನನ್ನು? ಕೈಗಳ ಪಟ್ಟಿ ಮುಗಿಯಿತು. ಬೆರಳು ಕೊನೆಯ ಸಾಲು ದಾಟಿ ಖಾಲಿ ಅಂಚಿಗೆ ಬಂದು ನಿಂತಿತು. ಇಲ್ಲ.

ಸಿಕ್ತೇನಮ್ಮಾ, ಟೀಚರಮ್ಮ ಕಪಾಟಿನ ಹಿಂದಿನಿಂದ ಕೇಳಿದರು, ಶಾಲೆಯಿಂದ ನಿವೃತ್ತರಾದ ಮೇಲೆ ಚರ್ಚಿನ ಹಿಂಬದಿಯ ಈ ಪುಸ್ತಕದ ಕೋಣೆಯನ್ನು ನೋಡಿಕೊಳ್ಳುವವರು, ಬೆಳಗ್ಗೆ ಇವಳು ಅರ್ಧ ದಿನ ರಜೆ ಹಾಕಿ ಬಂದು ನಿಂತಾಗ ದಪ್ಪ ಪುಸ್ತಕವೊಂದನ್ನು ಧೂಳು ಕೊಡವಿ ಮುಂದಿಟ್ಟಿದ್ದರು, ಇದು ಪದಸೂಚಿ, ಪೊಲೀಸ್ ನಾಯಿ ಇದ್ದ ಹಾಗೆ, ಒಂದು ಪದ ಮೂಸೋಕೆ ಕೊಡು ಸಾಕು, ಸೀದಾ ಮನೆ ಬಾಗಿಲಿಗೆ ಕರ್ಕೊಂಡು ಹೋಗುತ್ತೆ. ನಾಯಿ ಎಲ್ಲೂ ಹೋಗಲಿಲ್ಲ ಟೀಚರ್. ಒಂದೇ ಪದ ಕೊಟ್ಟರೆ ಹೇಗೆ, ಇನ್ನೆರಡು ಇವೆಯಲ್ಲ, ಬ ತೆಗಿ, ಬರಿದು ನೋಡು, ಆಮೇಲೆ ಹ, ಹಿಡಿ. ಟೀಚರಮ್ಮ ಪಕ್ಕಕ್ಕೆ ಕುರ್ಚಿ ಎಳೆದು ಕೂತರು, ಒಂದರ ಮೇಲೊಂದು ಪುಸ್ತಕ ಬಿಚ್ಚಿಕೊಂಡವು, ವಚನದ ಅರ್ಥ ಬಿಡಿಸಿ ಹೇಳುವ ವ್ಯಾಖ್ಯಾನ, ಅಂಚಿನಲ್ಲಿ, ಅಂಥದೇ ಮಾತು ಬೇರೆಲ್ಲಿದೆ ಎಂದು ತೋರಿಸುವ, ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿರುವ ದೊಡ್ಡ ವೇದಪುಸ್ತಕ, ಆ ಇರುವೆಗಳು ಒಂದು ಪುಟದಿಂದ ಹೊರಟು ಇನ್ನೊಂದು ಪುಟದಲ್ಲಿ ತಲೆ ಎತ್ತುತ್ತವಂತೆ, ಮತ್ತೆ ನಕ್ಷೆಗಳು, ತಿಳಿನೀಲಿ ಸಮುದ್ರ, ಗೋಧಿ ಬಣ್ಣದ ಬೆಟ್ಟ, ಊರುಗಳೆಲ್ಲ ಸಾಸಿವೆ ಕಾಳಿನಷ್ಟು. ಇಲ್ಲಿ ನೋಡು, ಈ ಹೆಂಗಸು, ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಪರದೇಶದಲ್ಲಿ ಮಣ್ಣು ಮಾಡಿ ಊರಿಗೆ ಹಿಂತಿರುಗುತ್ತಾಳೆ, ತುಂಬಿಕೊಂಡು ಹೋದೆ, ಬರಿದಾಗಿ ಬಂದೆ ಅಂತ ಅವಳ ಗೋಳು. ಟೀಚರಮ್ಮನ ಉಗುರು ಉಪ್ಪಿನ ಸಮುದ್ರದ ಆಚೆಯಿಂದ ಹೊರಟು ಅದರ ದಡ ಬಳಸಿ ಬೆಟ್ಟ ಹತ್ತಿತು, ಅವಳೂ ಆ ಉಗುರಿನ ಹಿಂದೆ ನಡೆದಳು, ಕಾಲಡಿ ಬಿಸಿ ಮರಳು, ಮುಂದೆ ಒಬ್ಬಳು ಹೆಂಗಸು, ಬೆನ್ನು ಮಾತ್ರ ಕಾಣುತ್ತದೆ, ನಡಿಗೆ ಥೇಟ್ ಅಮ್ಮನದು, ಎಡಕ್ಕೆ ಒಂಚೂರು ವಾಲಿಕೊಂಡು — ಇದು ಬರಿದಾದದ್ದು ಆಯ್ತಾ, ಈಗ ಹಿಡಿಯೋದು, ಅದು ಪ್ರವಾದಿಯ ಪುಸ್ತಕದಲ್ಲಿ, ನೋಡು, ನಿನ್ನ ಬಲಗೈ ಹಿಡಿಯುತ್ತೇನೆ ಅನ್ನೋ ಹಾಗಿದೆ, ಅದಕ್ಕೂ ಇದಕ್ಕೂ ನಡುವೆ ಹದಿನಾಲ್ಕು ಪುಸ್ತಕ, ರಾಜರು, ಯುದ್ಧ, ಹಾಡು, ಎಲ್ಲ. ಟೀಚರಮ್ಮ ಕನ್ನಡಕದ ಮೇಲಿಂದ ನೋಡಿದರು. ನಿಮ್ಮಮ್ಮ ಎರಡನ್ನೂ ಕಿವಿಯಲ್ಲಿ ಕೇಳಿ ಒಂದು ಮಾಡ್ಕೊಂಡಿದ್ದಾರೆ. ಓದು ಬಾರದವರು ನಡುವಿನದ್ದನ್ನೆಲ್ಲ ದಾಟೋದು ಹೇಗೆ ಹೇಳು. ನಡುವಿನದ್ದು ಓದುವಾಗ ನಿದ್ದೆ ಮಾಡಿರ್ತಾಳೆ ಬಿಡಿ ಟೀಚರ್, ಎಂದು ಅವಳ ಬಾಯಿಂದ ಬಂದುಬಿಟ್ಟಿತು, ಇಬ್ಬರೂ ನಕ್ಕರು.

ನಕ್ಕದ್ದೇ ತಡ, ಒಳಗೆ ಏನೋ ಜಾರಿತು. ನಿದ್ದೆಯೇ ಹೌದು. ನಸುಕಿನ ಪಾಳಿ ಮುಗಿಸಿ ಅಮ್ಮ ಲಾಂಡ್ರಿಯಿಂದ ನೇರ ಚರ್ಚಿಗೆ ಬರುತ್ತಿದ್ದಳು, ಸೀರೆಯಿಂದ ಆವಿಯ ವಾಸನೆ, ಗಂಜಿಯ ವಾಸನೆ, ಹಿಂದಿನ ಬೆಂಚಿನ ಗೋಡೆಯ ಪಕ್ಕ ಕೂತು ಓದು ಶುರುವಾಗುವ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದಳು, ಪ್ರಾರ್ಥನೆ ಮಾಡ್ತಾ ಇದ್ದಾಳೆ ಅಂದುಕೊಂಡವರು ಅಂದುಕೊಳ್ಳಲಿ, ಆರು ವರ್ಷದ ಮಗಳಿಗೆ ಗೊತ್ತು, ಅಪ್ಪ ತೀರಿಹೋದ ಮೇಲಿನ ಮೊದಲ ಭಾನುವಾರ ಅದು, ಹೌದು ಅವತ್ತೇ, ತಮ್ಮ ಆಗಿನ್ನೂ ಎಳೆಗೂಸು, ಅಮ್ಮನ ಮಡಿಲಲ್ಲಿ ನಿದ್ದೆ, ಅಮ್ಮನ ಒಂದು ಕೈ ಅವನ ಮೇಲೆ, ಇನ್ನೊಂದು ಕೈ ಜಾರಿ ಬೆಂಚಿನ ಮೇಲೆ ಬಿತ್ತು, ಅಂಗೈ ಮೇಲಾಗಿ, ಬೆರಳು ಅರ್ಧ ಮಡಚಿ, ಮಣಿಕಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಗೆರೆ, ಆ ಕೈ ಅಲುಗಾಡದೆ ಬಿದ್ದಿತ್ತು, ಮೂರು ದಿನದ ಹಿಂದೆ ಮನೆಯಲ್ಲಿ ನೋಡಿದ ಅಪ್ಪನ ಕೈಯ ಹಾಗೆಯೇ, ಅವಳಿಗೆ ಹೆದರಿಕೆಯಾಯಿತು, ತನ್ನ ಕೈ ತೆಗೆದು ಆ ಅಂಗೈಯೊಳಗೆ ಇಟ್ಟಳು, ಗಟ್ಟಿಯಾಗಿ ಹಿಡಿದಳು. ಬಿಸಿಯಿತ್ತು. ಓದು ಮುಗಿದು ಎಲ್ಲರೂ ಎದ್ದು ನಿಂತ ಸದ್ದಿಗೆ ಅಮ್ಮ ಬೆಚ್ಚಿ ಕಣ್ಣು ಬಿಟ್ಟಳು. ಏನಮ್ಮಾ ಓದಿದ್ರು, ಮಗಳು ಕೇಳಿದಳು. ಅಮ್ಮನ ಮುಖದಲ್ಲಿ ಸಿಕ್ಕಿಬಿದ್ದವಳ ನಾಚಿಕೆ, ಪಕ್ಕದ ಬೆಂಚಿನವರನ್ನು ನೋಡಿದಳು, ಗೋಡೆ ನೋಡಿದಳು, ಆಮೇಲೆ ಕೆಳಗೆ ತನ್ನ ಕೈ ನೋಡಿದಳು, ಅದರೊಳಗಿದ್ದ ಸಣ್ಣ ಕೈ ನೋಡಿದಳು. ಅದಾ, ಎಂದಳು ಮೆಲ್ಲಗೆ, ಪಾದ್ರಿಗಳ ರಾಗದಲ್ಲೇ, ನಿನ್ನ ಕೈ ಬರಿದಾದಾಗ ನಾನೇ ಅದನ್ನು ಹಿಡಿಯುವೆನು, ಅಂತ ಓದಿದ್ರು ಕಣೇ.

ಏನಾಯ್ತಮ್ಮಾ, ಟೀಚರಮ್ಮ ಕೇಳುತ್ತಿದ್ದಾರೆ, ಯಾಕೆ ಹೀಗೆ ಕೂತಿದ್ದೀಯ, ಮೇಜಿನ ಮೇಲೆ ಫೋನು ಗುರ್ರೆನ್ನುತ್ತಿದೆ, ಕಲ್ಲು ಕೆತ್ತುವವನು, ಮೇಡಂ, ಉಳಿ ಹಿಡಿದು ಕಾಯ್ತಾ ಇದ್ದೀನಿ, ನಂಬರ್ ಸಿಕ್ತಾ? ನಂಬರ್ ಇಲ್ಲಪ್ಪ. ಮತ್ತೆ ಪಾದ್ರಿಗಳು ಬೇಡ ಅಂದ್ರೆ? ಅವರಿಗೆ ನಾನು ಹೇಳ್ತೀನಿ, ಇದು ವಚನ ಅಲ್ಲ, ನಮ್ಮಮ್ಮನ ಮಾತು, ಕೆಳಗೆ ಹಾಗೇ ಹಾಕು, ಅಮ್ಮ ಹೇಳಿದ್ದು ಅಂತ, ಅಷ್ಟೇ. ಅಷ್ಟೇನಾ? ಅಷ್ಟೇ. ತಮ್ಮನಿಗೂ ಹೇಳಬೇಕು, ನೀನೂ ಅಲ್ಲೇ ಇದ್ದೆ ಕಣೋ, ನಿದ್ದೆ ಮಾಡ್ತಿದ್ದೆ ಅಂತ, ಅವನು ನಗುತ್ತಾನೆ, ಆಮೇಲೆ ದನಿ ಇಳಿಸುತ್ತಾನೆ, ಸಂಜೆ ಹೇಳೋಣ — ಪುಸ್ತಕಗಳನ್ನು ಮುಚ್ಚಬೇಕು, ಟೀಚರಮ್ಮನಿಗೆ ಉತ್ತರ ಕೊಡಬೇಕು, ಕಾಜ ಹೊಲಿಯದ ಶರ್ಟುಗಳು ಅಂಗಡಿಯಲ್ಲಿ ಕಾಯುತ್ತಿವೆ, ಏಳಬೇಕು, ಏಳುತ್ತೇನೆ, ಆದರೆ ಆ ಬೆಂಚು, ಗೋಡೆಯ ಪಕ್ಕ, ಅಂಗೈ ಮೇಲಾಗಿ ಬಿದ್ದ ಆ ಕೈ, ಬೆರಳು ಅರ್ಧ ಮಡಚಿ, ಕಂದು ಗೆರೆ, ಆ ಕೈ —