ಕಿವಿಯ ಹಿಂದಿನ ಕೆಂಪು

"ಅಲ್ಲಾಡ್ಬೇಡ ಅಂದ್ನಲ್ಲ ಬುಗುರಿ," ಎನ್ನುತ್ತ ಅವಳು ಎಡಗೈಯಲ್ಲಿ ಮಗಳ ಒದ್ದೆ ಕೂದಲನ್ನು ಮೇಲಕ್ಕೆತ್ತಿ, ಬಲಗೈ ಹೆಬ್ಬೆರಳಿನಿಂದ ಕಿವಿಯನ್ನು ಮುಂದಕ್ಕೆ ಮಡಚಿ, ಬಚ್ಚಲುಮನೆಯ ಕಿಟಕಿಯ ಕಡೆಗೆ ತಿರುಗಿಸಿದಳು. ಮೊಣಕೈಗಳನ್ನು ನೋಡಿಯಾಗಿತ್ತು. ಮೊಣಕಾಲು, ಹೊಕ್ಕಳು ಆಗಿತ್ತು. ಬೈತಲೆಯುದ್ದಕ್ಕೂ ಬೆರಳಾಡಿಸಿಯೂ ಆಗಿತ್ತು. ಕಿವಿಯ ಹಿಂಭಾಗವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು.

ಒಂದು ಕಡೆ ನಿಲ್ಲದ ಹುಡುಗಿ ಎಂದು ಮನೆಯವರೆಲ್ಲ ಸೇರಿ ಇಟ್ಟ ಹೆಸರು ಬುಗುರಿ. ಸ್ನಾನ ಮುಗಿದ ಮೇಲಿನ ಈ ಹೊತ್ತಿನಲ್ಲಿ ಮಾತ್ರ ಅವಳು ಸುಮ್ಮನೆ ನಿಲ್ಲುವುದನ್ನು ಕಲಿತಿದ್ದಳು. ಇವತ್ತು ಅದೂ ಸಾಧ್ಯವಾಗದೆ ಕತ್ತು ಕೆರೆದುಕೊಳ್ಳಲು ಕೈ ಎತ್ತುತ್ತಿದ್ದಳು.

"ಚೆಕಿಂಗ್ ಆಯ್ತಾ ಅಮ್ಮ? ಚಳಿ ಆಗ್ತಿದೆ."

"ಆಯ್ತು, ಆಯ್ತು."

ಆಗಿರಲಿಲ್ಲ. ಕಿವಿಯ ಹಿಂದಿನ ಕೆಂಪು ದೊಡ್ಡದಾಗಿತ್ತು. ಮೊದಲು ಕಂಡಾಗ ಅದು ಅಂಗಿಯ ಗುಂಡಿಯಷ್ಟಿತ್ತು. ಅಂಚಿನಲ್ಲಿ ತೆಳ್ಳಗೆ ಬಿಳಿ ಹೊಟ್ಟು. ಅವಳು ಮುಲಾಮು ಹಚ್ಚಿದ ಮೇಲೆ ನಾಲ್ಕು ದಿನ ಕಂತಿ, ಇನ್ನೇನು ಹೋಯಿತು ಎನ್ನುವಾಗ ಮತ್ತೆ ಎದ್ದಿತ್ತು. ಈಗ ಅಂಚು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯದಂತೆ, ಕಾಗದಕ್ಕೆ ಬಿದ್ದ ಶಾಯಿಯ ಹಾಗೆ ಹರಡಿಕೊಂಡಿತ್ತು. ಕತ್ತಿನ ಹಿಂದೆ, ಕೂದಲ ಗಡಿಯಿಂದ ಸ್ವಲ್ಪ ಕೆಳಗೆ, ಇನ್ನೊಂದು ಹುಟ್ಟಿತ್ತು. ಅವಳು ಟವೆಲನ್ನು ಮಗಳ ತಲೆಯ ಮೇಲೆ ಹಾಕಿ, ಮುಖ ಕಾಣದಂತೆ ಗಸಗಸನೆ ಒರೆಸಿದಳು. ತನ್ನ ಮುಖ ಅವಳಿಗೆ ಕಾಣುವುದು ಬೇಕಿರಲಿಲ್ಲ.

ತನ್ನದು ಶುರುವಾದದ್ದೂ ಕಿವಿಯ ಹಿಂದೆಯೇ. ಅಲ್ಲಿಂದ ತಲೆಗೆ, ಮೊಣಕೈಗೆ, ಸೊಂಟಕ್ಕೆ. ಸೋರಿಯಾಸಿಸ್ ಎಂಬ ಹೆಸರನ್ನು ಮದುವೆಗೆ ಮುಂಚೆಯೇ ಡಾಕ್ಟರೊಬ್ಬರು ಹೇಳಿದ್ದರು. ಜೊತೆಗೆ "ರಕ್ತಸಂಬಂಧದಲ್ಲಿ ಬರೋದುಂಟು" ಎಂದೂ ಹೇಳಿದ್ದರು. ಆ ಒಂದು ಮಾತು, ಮಗಳು ಹುಟ್ಟಿದ ದಿನದಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಕೂಸಿನ ಕೆನ್ನೆಯ ಮೇಲೆ ಬೆವರುಸಾಲೆ ಎದ್ದರೂ ನಿದ್ದೆ ಹಾರುತ್ತಿತ್ತು. ಚೆಕಿಂಗ್ ಶುರುವಾದದ್ದು ಹಾಗೆ. ಮೊದಲು ವಾರಕ್ಕೊಮ್ಮೆ ಇತ್ತು. ಯಾವಾಗ ದಿನದಿನದ್ದಾಯಿತೋ ಅವಳಿಗೇ ನೆನಪಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ, ಕೊಂಡ ಬಟ್ಟೆಯನ್ನು ಮೈಗೆ ಸರಿಹೊಂದಿಸಿಕೊಡುವ ವಿಭಾಗದಲ್ಲಿ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಕನ್ನಡಿಯ ಮುಂದೆ ನಿಂತ ಹೆಂಗಸರ ಕಾಲ ಬುಡದಲ್ಲಿ ಮಂಡಿಯೂರಿ ಅಂಚು ಮಡಚುವುದು, ಭುಜ ಹಿಡಿಸುವುದು, ಕತ್ತಿನ ಸುತ್ತಳತೆ ತೆಗೆಯುವುದು. ಎಷ್ಟು ಸೆಖೆಯಿದ್ದರೂ ಅವಳದು ತುಂಬುತೋಳು. ಕಪ್ಪು ಬಟ್ಟೆಯನ್ನು ಅವಳು ಎಂದೂ ಉಟ್ಟವಳಲ್ಲ. ಹೆಗಲ ಮೇಲೆ ಉದುರುವ ಹೊಟ್ಟು ಬಿಳಿ ಬಟ್ಟೆಯಲ್ಲಾದರೆ ಕಾಣುವುದಿಲ್ಲ. ಆದರೆ ಬೇರೆಯವರ ಚರ್ಮ ಓದುವುದರಲ್ಲಿ ಅವಳದು ಎತ್ತಿದ ಕೈ. ಮೊಣಕೈ ಮಡಿಕೆಯ ಒಳಗೆ ಕೆರೆದು ಕೆರೆದು ದಪ್ಪಗಾದದ್ದು ಇಸುಬು. ಸರದ ಕೊಂಡಿ ಕೂರುವ ಜಾಗದಲ್ಲಷ್ಟೇ ಕೆಂಪಾದರೆ ಅದು ಲೋಹದ್ದು. ಮೂಗಿನ ಪಕ್ಕ ಎಣ್ಣೆಯಂಥ ಹಳದಿ ಹೊಟ್ಟಾದರೆ ಅದು ತಲೆಯ ಹೊಟ್ಟಿನ ತಂಗಿ. ಜೊತೆಯವಳೊಮ್ಮೆ "ನೀನು ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಂಡು ಕೂತ್ಕೋ ಕಣೇ, ಅಳತೆ ತೆಗಿಯೋಕೆ ನಾವು ಸಾಕು" ಎಂದು ನಕ್ಕಿದ್ದಳು.

ಹಾಗಾಗಿ ಮಗಳ ಕಿವಿಯ ಹಿಂದೆ ಕೆಂಪು ಕಂಡ ದಿನ ಅವಳಿಗೆ ಅನುಮಾನವೇ ಬರಲಿಲ್ಲ. ಕಾದದ್ದು ಬಂತು, ಅಷ್ಟೆ. ಗಂಡ, ಫ್ರಿಜ್ಜು ರಿಪೇರಿಯ ಮನುಷ್ಯ, "ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ?" ಎಂದಿದ್ದ.

"ಡಾಕ್ಟರ್ ಏನು ಹೇಳ್ತಾರೆ ಅಂತ ನನಗೆ ಗೊತ್ತಿಲ್ವಾ?" ಎಂದು ಬಾಯಿ ಮುಚ್ಚಿಸಿದ್ದಳು. ಆ ಹೆಸರನ್ನು ಇನ್ನೊಬ್ಬರ ಬಾಯಿಂದ, ಮಗಳ ಎದುರಿಗೆ, ಕೇಳುವ ಧೈರ್ಯ ಅವಳಿಗಿರಲಿಲ್ಲ. ತಾನು ಹಚ್ಚಿಕೊಳ್ಳುವ ಮುಲಾಮಿನ ಬಿಳಿ ಟ್ಯೂಬನ್ನೇ ತೆಗೆದು, ಬೆರಳ ತುದಿಯಷ್ಟು ಹಚ್ಚುತ್ತ ಬಂದಿದ್ದಳು.

ಈಗ ಬಟ್ಟೆ ತೊಡಿಸುವಾಗ ಬುಗುರಿ ಮಾಮೂಲಿ ಸುದ್ದಿಯ ಹಾಗೆ ಹೇಳಿದಳು: "ಅಮ್ಮ, ನನ್ನ ಪಕ್ಕ ಕೂರೋಳು ಜಾಗ ಬದಲಾಯಿಸ್ಕೊಂಡ್ಲು. ಕತ್ತಲ್ಲಿ ಏನೋ ಇದೆ ಅಂತೆ. ಈಗ ಬೆಂಚ್ ಪೂರ್ತಿ ನಂದೇ. ಬ್ಯಾಗ್ ಕೂಡ ಮಲಗಿಸ್ಬಹುದು!"

ಗುಂಡಿ ಹಾಕುತ್ತಿದ್ದ ಅವಳ ಕೈ ನಿಂತಿತು. ಖಾಲಿ ಬೆಂಚು, ಅದರ ಮೇಲೆ ಮಲಗಿದ ಬ್ಯಾಗು, ಅದರ ಪಕ್ಕದಲ್ಲಿ ಮಗಳು. ಅಂಗಡಿಗೆ ರಜೆ ಹೇಳಿ, ಆ ಬೆಳಿಗ್ಗೆಯೇ ಹೊರಟಳು.

ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು. ಕನ್ನಡಕ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. "ಬಾಮ್ಮ ಇಲ್ಲಿ. ಎಲ್ಲಿ, ತೋರಿಸು ನೋಡೋಣ" ಎಂದರು.

ಬುಗುರಿ ಸ್ಟೂಲಿನ ಮುಂದೆ ನೆಟ್ಟಗೆ ನಿಂತಳು. ಎರಡೂ ಕೈ ಮಡಚಿ ಮೊಣಕೈಗಳನ್ನು ಬೆಳಕಿಗೆ ಹಿಡಿದಳು. ಆಮೇಲೆ ಲಂಗ ಎತ್ತಿ ಮೊಣಕಾಲು. ಆಮೇಲೆ ಅಂಗಿ ಎತ್ತಿ ಹೊಕ್ಕಳು. ಆಮೇಲೆ ತಲೆ ಬಗ್ಗಿಸಿ ಬೈತಲೆ. ಕೊನೆಗೆ ಹಿಂದಕ್ಕೆ ತಿರುಗಿ, ಕೂದಲನ್ನು ತಾನೇ ಎತ್ತಿ ಹಿಡಿದು, ಕಿವಿಯನ್ನು ಮುಂದಕ್ಕೆ ಮಡಚಿದಳು. ಕವಾಯತು ಮಾಡುವ ಪೊಲೀಸಿನವನಿಗೂ ಅಷ್ಟು ಚೊಕ್ಕವಾಗಿ ಬರಲಾರದು.

ಡಾಕ್ಟರು ಕನ್ನಡಕ ಏರಿಸಿಕೊಂಡರು. ಮೊದಲು ನೋಡಿದ್ದು ಮಗುವಿನ ಕಿವಿಯನ್ನಲ್ಲ, ತಾಯಿಯ ಮುಖವನ್ನು. ಅವಳು ಕಣ್ಣು ತಪ್ಪಿಸಿ ಗೋಡೆಯ ಗಡಿಯಾರ ನೋಡಿದಳು.

"ಏನು ಹಚ್ಚಿದ್ರಿ ಇದಕ್ಕೆ?"

"ಏನೂ ಇಲ್ಲ... ಕೊಬ್ಬರಿ ಎಣ್ಣೆ."

"ಇಲ್ಲಪ್ಪ," ಬೆನ್ನು ತಿರುಗಿಸಿ ನಿಂತಿದ್ದ ಬುಗುರಿ ಅಲ್ಲಿಂದಲೇ ಹೇಳಿದಳು, "ಅಮ್ಮ ಬಿಳೀ ಟ್ಯೂಬ್ ಹಚ್ತಾಳೆ. ಯಾರಿಗೂ ಹೇಳ್ಬೇಡ ಅಂದಿದ್ಲು." ಹೇಳಿದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡಳು.

ಕಿವಿಯವರೆಗೂ ಬಿಸಿಯೇರಿತು ಅವಳಿಗೆ. ಚೀಲದ ತಳದಿಂದ ಟ್ಯೂಬನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ಓದಿ ಪಕ್ಕಕ್ಕಿಟ್ಟರು. ಮೊಂಡು ಚಾಕುವಿನಂಥದ್ದರಿಂದ ಮಗಳ ಕತ್ತಿನ ಮೇಲಿನ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದುಕೊಂಡು ಒಳಗಿನ ಕೋಣೆಗೆ ಹೋದರು. "ಸ್ವಲ್ಪ ಕೂತಿರಿ."

ಆ ಸ್ವಲ್ಪ ಹೊತ್ತು ಮುಗಿಯಲೇ ಇಲ್ಲ. ಬುಗುರಿ ತಿರುಗುವ ಸ್ಟೂಲನ್ನು ಗಿರಗಿರ ತಿರುಗಿಸುತ್ತಿದ್ದಳು. ಅವಳು ಮಗಳ ಮುಂದಿನ ಬದುಕನ್ನೆಲ್ಲ ಅಲ್ಲೇ ಕೂತು ಬದುಕಿ ಮುಗಿಸಿದಳು: ತುಂಬುತೋಳಿನ ಶಾಲೆ ಅಂಗಿ, ಬಟ್ಟೆ ಬದಲಿಸುವಾಗ ಗೋಡೆಗೆ ಮುಖ ಮಾಡುವುದು, ಯಾರೋ ಹುಡುಗ ಕೈ ಹಿಡಿದಾಗ ಹಿಂದಕ್ಕೆಳೆದುಕೊಳ್ಳುವುದು. ನನ್ನ ಮೂಗು ಬರಲಿಲ್ಲ, ನನ್ನ ಬಣ್ಣ ಬರಲಿಲ್ಲ, ಬರಬೇಕಾದ್ದು ಇದೊಂದೇ ಇತ್ತೇ?

ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದು ಕೂತರು. "ಹುಳುಕಡ್ಡಿ."

"ಏನು?"

"ಹುಳುಕಡ್ಡಿ ಕಣಮ್ಮ. ಮನೇಲಿ ಬೆಕ್ಕಿದೆಯಾ?"

"ಮೆಟ್ಟಿಲ ಕೆಳಗೆ ಮರಿ ಹಾಕಿದೆ!" ಸ್ಟೂಲು ನಿಂತಿತು. "ಒಂದಕ್ಕೆ ಕಿವಿ ಹತ್ರ ಕೂದಲೇ ಇಲ್ಲ, ಪಾಪ. ಅದನ್ನ ನಾನು ಹೀಗೆ ಕತ್ತಿಗೆ ಇಟ್ಕೋತೀನಿ. ಗುರ್ ಗುರ್ ಅನ್ನುತ್ತೆ."

ತಾಯಿಗೆ ನಗು ಬಂತು. ತಡೆಯಲು ಹೋದಷ್ಟೂ ಉಕ್ಕಿಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹುಳುಕಡ್ಡಿ ಅಂದಿದ್ದಕ್ಕೆ ಇಷ್ಟು ಸಂತೋಷಪಟ್ಟ ತಾಯೀನ ನಾನು ಇವತ್ತೇ ನೋಡಿದ್ದು," ಎಂದರು ಡಾಕ್ಟರು. ಆದರೆ ಅವರು ನಗಲಿಲ್ಲ. ಟ್ಯೂಬನ್ನು ಬೆರಳಿಂದ ಅವಳ ಕಡೆಗೆ ತಳ್ಳಿದರು. "ಇದು ನಿಮಗೆ ಕೊಟ್ಟಿದ್ದು ಅಲ್ವಾ? ಇದು ಉರಿ ಅಡಗಿಸುತ್ತೆ. ಹುಳುಕಡ್ಡಿಯ ಕೆಂಪೂ ಅಡಗುತ್ತೆ, ಆದ್ರೆ ಶಿಲೀಂಧ್ರ ಒಳಗೊಳಗೇ ಆರಾಮಾಗಿ ಬೆಳೆಯುತ್ತೆ. ಉಂಗುರದ ಹಾಗೆ ದುಂಡಗೆ ಇರ್ಬೇಕಾದ್ದು, ನೋಡಿ, ಗುರುತೇ ಸಿಗದ ಹಾಗೆ ಹರಡಿದೆ. ಕೂದಲೊಳಗೆ ಇಳಿದಿಲ್ಲ, ಪುಣ್ಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗಾಯ್ತು ನಿಮ್ಮ ಕಥೆ."

ಅವಳ ನಗು ಅಲ್ಲೇ ಒಣಗಿತು.

"ಬೇರೆ ಮುಲಾಮು ಬರೆದಿದ್ದೀನಿ. ಇದನ್ನ ನಿಲ್ಲಿಸಿದ ಮೇಲೆ ಮೊದಲು ಇನ್ನೂ ಕೆಂಪಾಗ್ಬಹುದು. ಹೆದರಿ ಮತ್ತೆ ಇದಕ್ಕೇ ಕೈ ಹಾಕ್ಬೇಡಿ. ಹೋಯ್ತು ಅನ್ನಿಸಿದ ಮೇಲೂ ಸ್ವಲ್ಪ ದಿನ ಹಚ್ಚಿ. ಟವೆಲು, ಬಾಚಣಿಗೆ, ದಿಂಬು ಬೇರೆ ಇರಲಿ. ಇದು ಅಂಟುತ್ತೆ. ಬೆಕ್ಕಿನ ಮರೀನೂ ಯಾರಿಗಾದ್ರೂ ತೋರಿಸಿ." ಆಮೇಲೆ ಬುಗುರಿಯ ಕಡೆ ತಿರುಗಿ, "ಹೊರಗೆ ತೂಕದ ಮಿಷನ್ ಇದೆ, ಎಷ್ಟಿದ್ದೀಯ ನೋಡ್ಕೊಂಡು ಬಾ" ಎಂದು ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ, "ಈಗ ನಿಮ್ಮದು" ಎಂದರು.

ಅವಳು ತೋಳಿನ ಗುಂಡಿ ಬಿಚ್ಚಿದಳು. ಡಾಕ್ಟರು ಬರಿಯ ಬೆರಳಲ್ಲಿ ಅವಳ ಮೊಣಕೈಯನ್ನು ಮುಟ್ಟಿ, ಒತ್ತಿ, ಸವರಿ ನೋಡಿದರು. ಗಂಡನನ್ನು ಬಿಟ್ಟರೆ ಆ ಜಾಗವನ್ನು ಮುಟ್ಟಿದವರು ಯಾರೂ ಇರಲಿಲ್ಲ.

"ಎಷ್ಟೋ ವರ್ಷದ ಹಳೇ ಔಷಧೀಲೇ ಇದ್ದೀರಲ್ರೀ. ಇದು ಯಾರಿಗೂ ಅಂಟೋದಿಲ್ಲ, ಗೊತ್ತಲ್ಲ?"

"ಗೊತ್ತು." ಮುಚ್ಚಿದ ಬಾಗಿಲ ಕಡೆ ನೋಡಿದಳು. "ಅವಳಿಗೆ ಬರುತ್ತಾ?"

"ಬರಬಹುದು. ಬರದೆ ಇರೋದೇ ಹೆಚ್ಚು. ಬಂದ್ರೆ ಹಿಡಿತದಲ್ಲಿಡೋಕೆ ಔಷಧಿ ಇದೆ, ನಾವಿದ್ದೀವಿ." ಚೀಟಿ ಬರೆಯುತ್ತಲೇ, ತಲೆ ಎತ್ತದೆ ಹೇಳಿದರು: "ಮೊಣಕೈ ತೋರಿಸು ಅಂತ ನಾನು ಆ ಮಗೂನ ಕೇಳಲೇ ಇಲ್ಲ."

ಬಸ್ಸಿನಲ್ಲಿ ಬುಗುರಿ ಕಿಟಕಿಯ ಪಕ್ಕ ಕೂತು ತೂಕದ ಸುದ್ದಿ ಹೇಳುತ್ತಿದ್ದಳು. ಅವಳು ಹೂಂಗುಟ್ಟುತ್ತ, ಮನೆಯಲ್ಲಿ ಕಾಯುತ್ತಿದ್ದ ಅತ್ತೆಗೆ ಹೇಳಬೇಕಾದ ಒಂದು ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿದ್ದಳು. ಅಂಟುವುದು ಯಾವುದು, ಅಂಟದ್ದು ಯಾವುದು. ಹೆಚ್ಚೇನಿಲ್ಲ, ಒಂದೇ ವಾಕ್ಯ.

ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ಸೊಸೆಯ ಮುಖ ನೋಡಿ ಬಟ್ಟಲು ಪಕ್ಕಕ್ಕಿಟ್ಟರು. "ಏನಂತೆ? ನಿಂದೇನಾ?"

"ಅಲ್ಲ ಅತ್ತೆ. ಹುಳುಕಡ್ಡಿ. ಬೆಕ್ಕಿಂದ ಬಂದಿದ್ದಂತೆ. ಇದು ಅಂಟುತ್ತೆ, ಅದಕ್ಕೇ ಸ್ವಲ್ಪ ದಿನ ನೀವು ಇವಳ ಜೊತೆ ಮಲಗ್ಬೇಡಿ..."

"ಅಯ್ಯೋ, ಅಂಟಿದ್ರೆ ಅಂಟ್ಲಿ ಬಿಡೇ!" ಅತ್ತೆ ಬುಗುರಿಯನ್ನು ಸೆಳೆದು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕತ್ತನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. "ಈ ವಯಸ್ಸಲ್ಲಿ ನಂದೇನು ಅಂದ ಕೆಟ್ಟು ಹೋಗ್ಬೇಕು? ನನ್ನ ಬಂಗಾರ. ಹುಳುಕಡ್ಡಿ ಅಂತೆ, ಹುಳುಕಡ್ಡಿ!"

"ಅಜ್ಜಿ, ಕಚಗುಳಿ!"

ಅವಳು ಚಪ್ಪಲಿ ಬಿಡುವುದನ್ನೂ ಮರೆತು ನೋಡುತ್ತ ನಿಂತಳು. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಅತ್ತೆ ಅವಳ ಸೋಪಿಗೆ ಬೇರೆ ಡಬ್ಬಿ, ಅವಳ ಟವೆಲಿಗೆ ಬೇರೆ ಗೂಟ ಮಾಡಿಕೊಟ್ಟಿದ್ದರು. ಒಂದು ಕಟು ಮಾತಿಲ್ಲ. ನೆಂಟರಲ್ಲಿ ಯಾರೊಬ್ಬರಿಗೂ ಬಾಯಿ ಬಿಟ್ಟಿರಲಿಲ್ಲ. "ನಮ್ಮ ಸೊಸೆಗೆ ಬಿಸಿಲು ಆಗೋಲ್ಲ, ಅದಕ್ಕೇ ಉದ್ದ ತೋಳು" ಎಂದು ತಾವೇ ಸುಳ್ಳು ಕಟ್ಟಿ ಕಾಪಾಡಿದ್ದರು. ಆದರೆ ಅವಳ ಮೈ ತಾಗುವಷ್ಟು ಹತ್ತಿರ ಎಂದೂ ಕೂತವರಲ್ಲ. ಆ ತುಂಬಿದ ತೊಡೆಯನ್ನು, ಕತ್ತಿಗೊತ್ತಿದ ಕೆನ್ನೆಯನ್ನು ನೋಡುತ್ತಿದ್ದಂತೆ, ಬಸ್ಸಿನಲ್ಲಿ ತಿದ್ದಿ ತಂದ ವಾಕ್ಯ ಗಂಟಲಲ್ಲೇ ನಿಂತಿತು. ಬಿಸಿ ತುಪ್ಪ, ಉಗುಳಲೂ ಇಲ್ಲ, ನುಂಗಲೂ ಇಲ್ಲ.

"ಕೈ ಆದ್ರೂ ತೊಳ್ಕೊಳ್ಳಿ ಅತ್ತೆ," ಎಂದಷ್ಟೇ ಹೇಳಿ ಒಳಗೆ ನಡೆದಳು.

ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಮಂಚದ ಅರ್ಧಕ್ಕೆ ಬಿದ್ದಿತ್ತು. ಡಾಕ್ಟರು ಅವಳಿಗೆಂದು ಬರೆದುಕೊಟ್ಟ ಹೊಸ ಮುಲಾಮನ್ನು ತೆಗೆದು, ಮುಚ್ಚಳದ ಮೊನೆಯಿಂದ ಟ್ಯೂಬಿನ ಬಾಯಿಯ ತಗಡನ್ನು ಚುಚ್ಚಿದಳು. ತೋಳಿನ ಗುಂಡಿ ಬಿಚ್ಚಿ ಹೆಗಲವರೆಗೂ ಮಡಚಿದಳು. ಹೊರಗೆ ಬುಗುರಿಯ ದನಿ ಕೇಳುತ್ತಿತ್ತು. ಅಜ್ಜಿಗೆ ಡಾಕ್ಟರ ಕೋಣೆಯ ಸ್ಟೂಲಿನ ವರ್ಣನೆ ನಡೆದಿತ್ತು. "ಅಮ್ಮ ಎಷ್ಟು ನಕ್ಕಳು ಗೊತ್ತಾ ಅಜ್ಜಿ? ಯಾಕೆ ಅಂತ ನಂಗೆ ಗೊತ್ತಾಗ್ಲೇ ಇಲ್ಲ."

ಇಷ್ಟು ವರ್ಷ, ಈ ಕೆಲಸಕ್ಕೆ ಕೂರುವ ಮೊದಲು ಅವಳ ಕೈ ತಾನಾಗಿಯೇ ಬಾಗಿಲ ಚಿಲಕಕ್ಕೆ ಹೋಗುತ್ತಿತ್ತು. ಇವತ್ತೂ ಎದ್ದಳು. ಬಾಗಿಲವರೆಗೆ ಹೋಗಿ ಚಿಲಕದ ತಣ್ಣಗಿನ ಕಬ್ಬಿಣದ ಮೇಲೆ ಬೆರಳಿಟ್ಟು ನಿಂತಳು. ಹೊರಗಿನ ಮಾತು ನಿಂತಿತು. ಹಜಾರದಲ್ಲಿ ಪುಟ್ಟ ಕಾಲುಗಳು ಓಡಿಬರುವ ಸದ್ದಾಯಿತು.

ಬೆರಳು ತೆಗೆದು ವಾಪಸು ಬಂದಳು. ಬಿಸಿಲು ಬಿದ್ದ ಕಡೆಯೇ ಮಂಚದ ಮೇಲೆ ಕೂತು, ಬಾಗಿಲಿಗೆ ಮುಖ ಮಾಡಿ, ಮೊಣಕೈಗೆ ಮುಲಾಮು ಸವರತೊಡಗಿದಳು. ಬಾಗಿಲ ಸಂದಿಯಲ್ಲಿ ಮೊದಲು ನಾಲ್ಕು ಬೆರಳು ಕಂಡವು, ಆಮೇಲೆ ಅರ್ಧ ಮುಖ. ಅವಳು ತೋಳನ್ನು ಕೆಳಗಿಳಿಸಲಿಲ್ಲ.